ಸಹಾಯ ಬೇಕು: ಅಳಿವೆಯ ಹೈಡ್ರಾಯ್ಡ್ ಗುರುತಿಸಬೇಕು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ನೇತ್ರಾವತಿ ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ ಅಲ್ವಾ, ನನ್ನ ಪ್ರಾಜೆಕ್ಟ್ ಅದು ಕಡಲು ಸೇರುವ ಮಂಗಳೂರಿನ ಅಳಿವೆಯದು.

ಅಲ್ಲಿ ದೋಣಿ ಕಟ್ಟುವ ಹಗ್ಗದಿಂದ ಕಂದು ಬಣ್ಣದ ಹೈಡ್ರಾಯ್ಡ್ (ಗಿಡದಂತೆ ಗುಂಪಾಗಿ ಬೆಳೆಯುವ ಪುಟ್ಟ ನೀರಿನ ಪ್ರಾಣಿ) ಕಾಲನಿ ಸಿಕ್ಕಿದೆ. ಪಾಲಿಪ್ (ಕಾಲನಿಯ ಒಂದೊಂದು ಬಿಡಿ ಪ್ರಾಣಿ) ಸುತ್ತ ಬಟ್ಟಲಿನಂಥ ಕವಚ ಇಲ್ಲ, ಹಾಗಾಗಿ ಅಂಥ ಕವಚವಿರುವ ಒಬೀಲಿಯಾ ಗುಂಪಿನದಲ್ಲ. ಗ್ರಹಣಾಂಗಗಳು (ಬೇಟೆ ಹಿಡಿಯುವ ಎಳೆಗಳು) ಬಾಯಿಯ ಸುತ್ತ ಒಂದೇ ಸಾಲಿನಲ್ಲಿಲ್ಲ, ಮೈಮೇಲೆಲ್ಲ ಚದುರಿವೆ. ಇದನ್ನು ನೋಡಿ ಕಾರ್ಡಿಲೋಫೋರಾ ಎಂಬ ಹೈಡ್ರಾಯ್ಡ್ ಕುಲ ಅನ್ನಿಸುತ್ತಿದೆ. ಅದು ಉಪ್ಪು ಕಡಿಮೆ ಇರುವ ನೀರಲ್ಲೂ, ಸಿಹಿನೀರಲ್ಲೂ ಬದುಕುತ್ತದೆ. ಮೆಡ್ಯೂಸಾ (ಬಿಡಿಯಾಗಿ ಈಜುವ ಛತ್ರಿಯಂಥ ಹಂತ) ಬಿಡುವುದಿಲ್ಲ, ಸಂತಾನದ ಮೊಗ್ಗುಗಳು ಕಾಲನಿಗೇ ಅಂಟಿಕೊಂಡಿರುತ್ತವೆ. ನನ್ನ ಮಾದರಿಯಲ್ಲಿ ಆ ಮೊಗ್ಗುಗಳೇ ಇಲ್ಲ, ತೊಡಕು ಅಲ್ಲೇ.

ಮೊಗ್ಗಿಲ್ಲದೆ ಪ್ರಭೇದ ಹೇಳಬಹುದಾ? ಯಾವ ತಿಂಗಳು ಹೋದರೆ ಮೊಗ್ಗು ಜಾಸ್ತಿ ಸಿಗುತ್ತದೆ? ಕರಾವಳಿಯಲ್ಲಿ ಇದರ ಮೇಲೆ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಮೈಕ್ರೋಸ್ಕೋಪ್ ಫೋಟೋ ಕಳಿಸುತ್ತೇನೆ.