ಫೋಟೋ ‘ತೆಗೆ’, ‘ಸಿಂಕ್ ಮಾಡು’, ‘ಬ್ಯಾಕಪ್ ಮಾಡು’: ಯಾವ ಕ್ರಿಯಾಪದ ಸರಿ?

ನಮಸ್ಕಾರ. ಒಂದು ಫೋನಿನ ಫೋಟೋಗಳನ್ನು ಉಚಿತ ಕ್ಲೌಡ್ ಜಾಗಕ್ಕೆ ಏರಿಸಿ, ನಮ್ಮದೇ ಇನ್ನೊಂದು ಫೋನಿಗೋ ಕಂಪ್ಯೂಟರಿಗೋ ಇಳಿಸಿಕೊಳ್ಳುವುದು ಹೇಗೆಂದು ಹೊಸಬರಿಗಾಗಿ ಒಂದು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ನಾಮಪದಗಳ ತಕರಾರಿಲ್ಲ, ‘ಕ್ಲೌಡ್’ ಎಂದೇ ಬರೆಯುತ್ತೇನೆ, ‘ಮೋಡ’ ಎಂದರೆ ಮತ್ತೆ ವಿವರಣೆ ಕೊಡಬೇಕು. ಏರಿಸು, ಇಳಿಸು ಕೂಡ ಒಗ್ಗಿವೆ. ತೊಡಕಿರುವುದು ಉಳಿದ ಕ್ರಿಯಾಪದಗಳಲ್ಲಿ.

‘ವರ್ಗಾಯಿಸು’ ನನಗೆ ಒಪ್ಪಿಗೆಯಿಲ್ಲ. ವರ್ಗವಾದ ನೌಕರ ಹಳೆಯ ಕಚೇರಿಯಲ್ಲಿ ಉಳಿಯುವುದಿಲ್ಲ. ಏರಿಸಿದ ಫೋಟೋ ಹಳೆಯ ಫೋನಿನಲ್ಲಿ ಇದ್ದೇ ಇರುತ್ತದೆ. ‘ಪ್ರತಿ ಕಳಿಸು’ ಸಾಕು.

ನಿಜವಾದ ಗೋಜಲು ‘ಸಿಂಕ್’ನದು. (ಪಾತ್ರೆ ತೊಳೆಯುವ ಸಿಂಕಿಗೂ ಇದಕ್ಕೂ ನಮ್ಮಲ್ಲಿ ಒಂದೇ ಕಾಗುಣಿತ, ಅದಿರಲಿ.) ಮಾತಿನಲ್ಲಿ ಸಿಂಕ್, ಬ್ಯಾಕಪ್ ಎರಡನ್ನೂ ಅದಲುಬದಲು ಮಾಡುತ್ತೇವೆ. ಬ್ಯಾಕಪ್ ಎಂದರೆ ಮೂಲ ಹೋದರೂ ಪ್ರತಿ ಉಳಿಯಬೇಕು. ಸಿಂಕ್ ಎಂದರೆ ಎಲ್ಲ ಕಡೆಯೂ ಒಂದೇ ಸ್ಥಿತಿ, ಅಳಿಸಿದ್ದೂ ಸೇರಿ. ಆಪಲ್‌ನ ಐಕ್ಲೌಡ್ ಫೋಟೋಸ್ ಚಾಲೂ ಇದ್ದರೆ ಐಫೋನಿನಲ್ಲಿ ಅಳಿಸಿದ ಚಿತ್ರ ಅದೇ ಖಾತೆಯ ಐಪ್ಯಾಡಿನಿಂದಲೂ ಹೋಗುತ್ತದೆ. ಮರಳಿ ಪಡೆಯಲು 30 ದಿನಗಳ ಅವಕಾಶವಷ್ಟೆ. ಗೂಗಲ್ ಫೋಟೋಸ್ ಇನ್ನೂ ಗೊಂದಲ. ಅಲ್ಲಿ ಹೆಸರು ‘ಬ್ಯಾಕಪ್’. ಆದರೂ ಬ್ಯಾಕಪ್ ಆದ ಚಿತ್ರವನ್ನು ಆ ಆಪ್‌ನಲ್ಲೇ ಅಳಿಸಿದರೆ ಕ್ಲೌಡಿನ ಪ್ರತಿಯೂ ಕಸದ ಬುಟ್ಟಿಗೆ ಬೀಳುತ್ತದೆ, 60 ದಿನ ಕಳೆದರೆ ಕಾಯಂ ಆಗಿ ಹೋಗುತ್ತದೆ. ಫೋನಿನ ಪ್ರತಿ ಮಾತ್ರ ಹೋಗಬೇಕಾದರೆ ಜಾಗ ತೆರವು ಮಾಡುವ ಬೇರೆ ಆಯ್ಕೆಯನ್ನು ಒತ್ತಬೇಕು. ಇದನ್ನು ‘ಜಾಗ ಖಾಲಿ ಮಾಡು’ ಎಂದು ಬರೆಯಹೊರಟೆ. ಓದುಗರನ್ನೇ ಎದ್ದು ಹೋಗಿ ಎಂದಂತೆ ಕೇಳಿಸಿತು.

ಉಚಿತ ಜಾಗ ಬೇಗ ತುಂಬುವುದರಿಂದ ಅಳಿಸುವ ಪ್ರಸಂಗ ಬಂದೇ ಬರುತ್ತದೆ. ಗೂಗಲ್‌ನ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಪಾಲು. ಗಾತ್ರ ಕುಗ್ಗಿಸಿದ ಫೋಟೋಗಳಿಗೆ ಇದ್ದ ಮಿತಿಯಿಲ್ಲದ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಐಕ್ಲೌಡಿನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸಿನಲ್ಲಿ 2 ಜಿಬಿ. ಹಾಗಾಗಿ ‘ಕೆಲಸ ಮುಗಿದ ಮೇಲೆ ಕ್ಲೌಡಿನಿಂದ ಫೋಟೋ ತೆಗೆಯಿರಿ’ ಎಂಬ ಸಾಲು ಕೈಪಿಡಿಯಲ್ಲಿ ಬೇಕೇ ಬೇಕು.

ಇಲ್ಲಿ ‘ತೆಗೆ’ ಕಾಟ ಕೊಡುತ್ತದೆ. ‘ಫೋನಿನಿಂದ ಫೋಟೋ ತೆಗೆದೆ’ ಎಂದರೆ ಕ್ಲಿಕ್ಕಿಸಿದ್ದೇ, ಅಳಿಸಿದ್ದೇ, ಹೊರಕ್ಕೆ ಎತ್ತಿಕೊಂಡದ್ದೇ? ಮೂರೂ ಸರಿಯಾದ ಕನ್ನಡ. ಮಾತಿನಲ್ಲಿ ಸಂದರ್ಭ ಬಿಡಿಸಿ ಹೇಳುತ್ತದೆ, ಕೈಪಿಡಿಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಕ್ಯಾಮೆರಾಗೆ ‘ತೆಗೆ’ ಬಿಟ್ಟುಕೊಟ್ಟು, ಉಳಿದೆಡೆ ‘ಅಳಿಸು’, ‘ಇಳಿಸಿಕೊ’ ಎಂದು ಕಟ್ಟುನಿಟ್ಟಾಗಿ ಬರೆಯುವುದೆಂದು ಮಾಡಿದ್ದೇನೆ.

ಬ್ಯಾಕಪ್ಪಿಗೆ ‘ಕಾಪಿಡು’ ನನಗೆ ಇಷ್ಟ. ಕಾಪು ಎಂದರೆ ರಕ್ಷಣೆ. ಆ ಹಳೆಯ ಪದ ಗೊತ್ತಿಲ್ಲದವರು ‘ಕಾಪಿ ಇಡು’ ಎಂದು ಬಿಡಿಸಿಕೊಂಡರೂ ಅರ್ಥ ಕೆಡುವುದಿಲ್ಲ! ಸಿಂಕಿಗೆ ಮಾತ್ರ ಏನೂ ಕೂಡಿಬರುತ್ತಿಲ್ಲ. ‘ಏಕಕಾಲಿಕಗೊಳಿಸು’ ಕಾಲದ ಮಾತಾಡುತ್ತದೆ, ಇಲ್ಲಿ ಒಂದೇ ಆಗಬೇಕಾದದ್ದು ಒಳಗಿರುವ ಸರಕು. ‘ಸರಿದೂಗಿಸು’ ಕೊರತೆ ತುಂಬಿಸುತ್ತದೆ, ಇದ್ದದ್ದನ್ನು ಅಳಿಸುವ ಸೂಚನೆ ಅದರಲ್ಲಿಲ್ಲ. ‘ತಾಳೆ ಹಾಕು’ ಹತ್ತಿರ ಬರುತ್ತದೆ; ಆದರೆ ತಾಳೆ ಹಾಕುವವರು ವ್ಯತ್ಯಾಸ ತೋರಿಸುತ್ತಾರೆಯೇ ಹೊರತು ತಿದ್ದುವುದಿಲ್ಲ.

ಎರಡು ಕಡೆಯನ್ನೂ ಸದಾ ಒಂದೇ ಥರ ಇಡುವುದಕ್ಕೆ, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ ಎಂಬ ಧ್ವನಿಯಿರುವ ಆಡುಮಾತಿನ ಪದ ನಿಮ್ಮ ಬಳಕೆಯಲ್ಲಿ ಇದೆಯೇ? ಇಲ್ಲದಿದ್ದರೆ ‘ಸಿಂಕ್’ ಎಂದೇ ಉಳಿಸಿ, ಪಕ್ಕದಲ್ಲಿ ಆ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ.