ಟಾಕ್ಸೋಪ್ಲಾಸ್ಮಾ ಸಿಸ್ಟ್: ಹುರುಳಿ ಲೆಕ್ಟಿನ್ ಹಾಕಿದರೆ ಸ್ಲೈಡ್ ಪೂರ್ತಿ ಹಸಿರು, ಸಕ್ಕರೆ ಕಂಟ್ರೋಲ್ ಕೂಡ ಕೆಲಸ ಮಾಡ್ತಿಲ್ಲ

ಪೆರ್ಲದವಳು:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿನ ಕೆಲಸ. ಫಾರ್ಮಲಿನ್‌ನಲ್ಲಿಟ್ಟ ಬಿಳಿ ಇಲಿಯ ಮೆದುಳಿನ ಪ್ಯಾರಾಫಿನ್ ಸೆಕ್ಷನ್‌ಗಳನ್ನು ಗೈಡ್ ಬೇರೆ ಲ್ಯಾಬಿನಿಂದ ತರಿಸಿಕೊಟ್ಟಿದ್ದಾರೆ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಗೋಡೆ ಕಟ್ಟಿಕೊಂಡು ಅಡಗಿ ಕೂರುವ ಚೀಲ, ಅಂದರೆ ಸಿಸ್ಟ್, ಇರುವುದು ಖಾತ್ರಿ, ಮಾಮೂಲಿ ಹಿಮಾಟಾಕ್ಸಿಲಿನ್-ಇಯೋಸಿನ್ ಸ್ಲೈಡಿನಲ್ಲಿ ಕಂಡಿದ್ದೇನೆ. ಸಿಸ್ಟ್ ಗೋಡೆಯ ಸಕ್ಕರೆ ತೋರಿಸಬೇಕೆಂದು ಎಫ್‌ಐಟಿಸಿ (ಹಸಿರು ಹೊಳೆಯುವ ಬಣ್ಣ) ಸೇರಿಸಿದ ಹುರುಳಿ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್) ಹಾಕಿದೆ, ಕ್ಯಾಟಲಾಗಿನಲ್ಲಿ ಡಿಬಿಎ ಅಂತ ಇರುವಂಥದ್ದು. 10 ಮೈಕ್ರೋಗ್ರಾಂ/ಮಿ.ಲೀ., ಒಂದು ಗಂಟೆ. ಬ್ಲಾಕಿಂಗಿಗೆ, ಅಂದರೆ ಲೆಕ್ಟಿನ್ ಸಿಕ್ಕಸಿಕ್ಕಲ್ಲಿ ಅಂಟದಂತೆ, 5% ಹಾಲಿನ ಪುಡಿ.

ನೋಡಿದರೆ ಎಲ್ಲ ಕಡೆ ಹಸಿರು. ಸಿಸ್ಟ್ ಇದ್ದಲ್ಲಿ ಸ್ವಲ್ಪ ಜಾಸ್ತಿ, ಅಷ್ಟೇ. ಬಿಡಿ ಸಕ್ಕರೆ ಸಿಕ್ಕಿದರೆ ಲೆಕ್ಟಿನ್ ಸಿಸ್ಟನ್ನು ಬಿಡಬೇಕಲ್ಲ, ಹಾಗಾಗಿ ಕಂಟ್ರೋಲ್ ಅಂತ 0.2 ಮೋಲಾರ್ ಗ್ಲೂಕೋಸ್ ಸೇರಿಸಿ ನೋಡಿದೆ, ಒಂಚೂರೂ ಇಳಿಯಲಿಲ್ಲ. ಗೈಡ್ "ನಾನ್‌ಸ್ಪೆಸಿಫಿಕ್, ಸುಮ್ಮನೆ ಎಲ್ಲೆಲ್ಲೂ ಅಂಟಿದೆ, ಬಿಟ್ಟುಬಿಡು" ಎಂದರು. ಪಾರ್ಸೆಲ್ ಬರುವಾಗ ಐಸ್ ಪೂರ್ತಿ ಕರಗಿತ್ತು. ಲೆಕ್ಟಿನ್ ಹಾಳಾಗಿರಬಹುದಾ?

ಕುಂಬಳೆ ಮಾಷ್ಟ್ರು:
ಅದನ್ನು ಪರೀಕ್ಷೆ ಮಾಡಲು ಮೈಕ್ರೋಸ್ಕೋಪೂ ಬೇಡ ತಂಗೀ. ಬ್ಲಡ್ ಬ್ಯಾಂಕಿನವರು ಎ ಗುಂಪಿನ ಎರಡು ಬಗೆಗಳಾದ ಎ1 ಮತ್ತು ಎ2 ರಕ್ತ ಬೇರೆ ಮಾಡಿ ನೋಡುವುದು ಇದೇ ಹುರುಳಿಯ ಲೆಕ್ಟಿನ್‌ನಿಂದ. ಎ ಗುಂಪಿನವರ ಒಂದೆರಡು ಹನಿ ರಕ್ತ ತೆಗೆದುಕೊಂಡು ಸಲೈನಿನಲ್ಲಿ ಮೂರು ಸಲ ತೊಳಿ. ತೊಳೆಯುವುದನ್ನು ಬಿಡಬೇಡ, ಪ್ಲಾಸ್ಮಾದಲ್ಲಿ ಕರಗಿರುವ ಎ ಪದಾರ್ಥವೇ ಲೆಕ್ಟಿನ್ ನುಂಗಿಬಿಡಬಹುದು. ಆಮೇಲೆ ಸ್ಲೈಡಿನ ಮೇಲೆ ಒಂದು ಹನಿ ಕಣ, ಒಂದು ಹನಿ ಲೆಕ್ಟಿನ್. ಪಕ್ಕದಲ್ಲೇ ಓ ಗುಂಪಿನದ್ದೂ ಇಡು. ಎ ಗಂಟುಕಟ್ಟಿ ಓ ಹಾಗೇ ಉಳಿದರೆ ನಿನ್ನ ಲೆಕ್ಟಿನ್ ಜೀವಂತ ಉಂಟು. ಕೈಗೆ ಗ್ಲೌಸ್ ಹಾಕು.

ಬದಿಯಡ್ಕ ಲೆನ್ಸ್:
ಹಾಗಾದರೆ ಹುರುಳಿ ಸಾರು ಉಂಡವರಿಗೆ ಟಾಕ್ಸೋ ಬರುವುದಿಲ್ಲವಾ ಮಾರಾಯ್ರೇ 😄

ಸ್ಲೈಡುಭಟ್ಟ:
ಕುದಿಸಿದ ಹುರುಳಿಯಲ್ಲಿ ಲೆಕ್ಟಿನ್ ಕೆಲಸಕ್ಕೆ ಬರುವುದಿಲ್ಲ. ಕುದಿಸಬೇಕಾದ್ದು ಮಾಂಸವನ್ನು, ಒಳಗಿನವರೆಗೆ 67 ಡಿಗ್ರಿ ಮುಟ್ಟಿದರೆ ಸಿಸ್ಟ್ ಸಾಯುತ್ತದೆ.

ಈಗ ಪೆರ್ಲದವರ ವಿಷಯ. ನನಗೆ ಲೆಕ್ಟಿನ್ ಮೇಲೆ ಸಂಶಯವಿಲ್ಲ, ಆ ಗ್ಲೂಕೋಸ್ ಮೇಲೆ ಉಂಟು. ಒಂದೊಂದು ಲೆಕ್ಟಿನ್ ಹಿಡಿಯುವ ಸಕ್ಕರೆ ಒಂದೊಂದು. ಕಾನ್‌ಕಾನಾವಾಲಿನ್ ಎ ಆಗಿದ್ದರೆ ಮ್ಯಾನೋಸ್, ಗ್ಲೂಕೋಸ್‌ಗೆ ಬಿಟ್ಟುಕೊಡುತ್ತಿತ್ತು. ಹುರುಳಿಯದ್ದು ತುದಿಯಲ್ಲಿರುವ ಎನ್-ಅಸಿಟೈಲ್‌ಗ್ಯಾಲಕ್ಟೋಸಮೈನ್ ಹಿಡಿಯುವಂಥದ್ದು, ಚಿಕ್ಕದಾಗಿ ಗ್ಯಾಲ್‌ನ್ಯಾಕ್. ಎ ರಕ್ತದ ತುದಿಯಲ್ಲಿರುವುದೂ ಅದೇ ಸಕ್ಕರೆ; ಬಿ ಆದರೆ ಅಲ್ಲಿ ಬರೀ ಗ್ಯಾಲಕ್ಟೋಸ್. ಆದ್ದರಿಂದಲೇ ಮಾಷ್ಟ್ರು ಹೇಳಿದ ಪರೀಕ್ಷೆ ನಡೆಯುವುದು. ನೀವು ಗ್ಲೂಕೋಸ್ ಎಷ್ಟು ಸುರಿದರೂ ಹುರುಳಿ ಲೆಕ್ಟಿನ್ ಸಿಸ್ಟನ್ನು ಬಿಡುವುದಿಲ್ಲ. ಅದು ನಾನ್‌ಸ್ಪೆಸಿಫಿಕ್ ಅನ್ನುವುದಕ್ಕೆ ಸಾಕ್ಷಿಯೇ ಅಲ್ಲ.

ಸಿಸ್ಟ್ ಗೋಡೆಯಲ್ಲಿ ಸಿಎಸ್‌ಟಿ1 ಎಂಬ ಪ್ರೋಟೀನ್ ಉಂಟು, ಅದರ ಮೈತುಂಬ ಗ್ಯಾಲ್‌ನ್ಯಾಕ್. ಅಲಂಕಾರಕ್ಕೆ ಇರುವ ಸಕ್ಕರೆ ಅಲ್ಲ ಅದು. ಆ ಜೀನ್ ತೆಗೆದ ತಳಿಯಲ್ಲಿ ಸಿಸ್ಟ್‌ಗಳು ಮುಟ್ಟಿದರೆ ಒಡೆಯುವಷ್ಟು ನಾಜೂಕಾದವು, ಇಲಿಯ ಮೆದುಳಿನಲ್ಲಿ ಉಳಿದ ಸಿಸ್ಟೂ ಕಡಿಮೆಯಾಯಿತು ಅಂತ 2013ರಲ್ಲಿ ತೋರಿಸಿದ್ದಾರೆ. ಪರಾವಲಂಬಿ ಮೆದುಳಿನಲ್ಲಿ ಠಿಕಾಣಿ ಹೂಡಿ, ಮುಂದೆ ಬೆಕ್ಕಿನ ಬಾಯಿಗೆ ಹೋಗುವವರೆಗೆ ಬಾಳಬೇಕಾದರೆ ಈ ಗೋಡೆ ಗಟ್ಟಿ ಇರಬೇಕು. ಪ್ರೆಸೆಂಟೇಶನ್‌ನಲ್ಲಿ ಇದರ ಎದುರಿನ ಮಗ್ಗುಲನ್ನೂ ಸೇರಿಸಿ: ಒಳನುಗ್ಗುವಾಗ ಅದು ನಮ್ಮ ಕೋಶದ ಸಕ್ಕರೆಯನ್ನು ಹುಡುಕುತ್ತದೆ. ಅದರ ಎಂಐಸಿ1 ಪ್ರೋಟೀನ್ ಸಯಾಲಿಕ್ ಆಮ್ಲಕ್ಕೆ ಅಂಟಿಕೊಳ್ಳುತ್ತದೆ.

ಮಾಡಬೇಕಾದ್ದು: ಹಾಲಿನ ಪುಡಿ ಬಿಡಿ. ಅದರಲ್ಲಿ ಸಕ್ಕರೆ ಹೊತ್ತ ಪ್ರೋಟೀನುಗಳೇ ತುಂಬಿವೆ, ಲೆಕ್ಟಿನ್ ಕೆಲಸಕ್ಕೆ ನಂಬುವ ಹಾಗಿಲ್ಲ. ಸೀರಮ್ಮೂ ಬೇಡ. 1% ಬಿಎಸ್‌ಎ (ಶುದ್ಧ ಮಾಡಿದ ಆಲ್ಬುಮಿನ್ ಪ್ರೋಟೀನ್) ಸಾಕು. ಅಕ್ಕಪಕ್ಕದ ಮೂರು ಸೆಕ್ಷನ್ ತೆಗೆದುಕೊಳ್ಳಿ. ಒಂದಕ್ಕೆ ಲೆಕ್ಟಿನ್, ಇನ್ನೊಂದಕ್ಕೆ 0.2 ಮೋಲಾರ್ ಗ್ಯಾಲ್‌ನ್ಯಾಕ್ ಜೊತೆ ಅರ್ಧ ಗಂಟೆ ಇಟ್ಟ ಲೆಕ್ಟಿನ್. ಮೂರನೆಯದಕ್ಕೆ ಬರೀ ಬಫರ್. ಆ ಸಕ್ಕರೆಗೆ ರೇಟು ಜಾಸ್ತಿ, ಆದರೆ 100 ಮೈಕ್ರೋಲೀಟರಿಗೆ ಬೇಕಾದ್ದು ಸುಮಾರು 4.4 ಮಿಲಿಗ್ರಾಂ ಮಾತ್ರ. ಗ್ಯಾಲ್‌ನ್ಯಾಕ್ ಹಾಕಿದಾಗ ಯಾವ ಹಸಿರು ಹೋಗುತ್ತದೋ ಅದು ನಿಮ್ಮದು. ಲೆಕ್ಟಿನ್ ಇಲ್ಲದ ಸ್ಲೈಡಿನಲ್ಲೂ ಇರುವಂಥದ್ದು ಫಾರ್ಮಲಿನ್, ರಕ್ತಕಣ, ಲಿಪೋಫಸ್ಕಿನ್ (ವಯಸ್ಸಾದಂತೆ ಕೋಶದಲ್ಲಿ ಸೇರುವ ವರ್ಣಕ) ಇವುಗಳ ಸ್ವಂತ ಹೊಳಪು. ಕೆಂಪು ಫಿಲ್ಟರಿಗೆ ಹಾಕಿ ನೋಡಿ, ಲಿಪೋಫಸ್ಕಿನ್ ಅಲ್ಲಿಯೂ ಕಾಣುತ್ತದೆ.

ಪೆರ್ಲದವಳು:
ಭಟ್ಟರೇ, ಮಾಷ್ಟ್ರೇ, ತುಂಬ ಉಪಕಾರವಾಯಿತು. ಎ ರಕ್ತ ನಿಮಿಷದೊಳಗೆ ಮರಳು ಮರಳಾಯಿತು, ಓ ಹಾಗೇ ನಯವಾಗಿ ಉಳಿಯಿತು. ಗ್ಯಾಲ್‌ನ್ಯಾಕ್ ಪಕ್ಕದ ಡಿಪಾರ್ಟ್‌ಮೆಂಟಿನಲ್ಲೇ ಸಿಕ್ಕಿತು. ಲೆಕ್ಟಿನ್ ಸ್ಲೈಡಿನಲ್ಲಿ ಸಿಸ್ಟಿನ ಅಂಚಿಗೆ ತೆಳ್ಳಗಿನ ಹಸಿರು ಬಳೆ, ಒಳಗಿನ ಬ್ರಾಡಿಜೋಯಿಟ್‌ಗಳು, ಅಂದರೆ ಸಿಸ್ಟಿನೊಳಗಿನ ಪರಾವಲಂಬಿಗಳು, ಹೆಚ್ಚುಕಡಿಮೆ ಕಪ್ಪು. ಗ್ಯಾಲ್‌ನ್ಯಾಕ್ ಹಾಕಿದ್ದರಲ್ಲಿ ಬಳೆ ಇಲ್ಲ. ಸುತ್ತಲಿನ ಮಬ್ಬು ಮಾತ್ರ ಮೂರರಲ್ಲೂ ಒಂದೇ ರೀತಿ. ಗೈಡ್ ಎರಡು ಸಲ ಬಗ್ಗಿ ನೋಡಿ "ಫೋಟೋ ತೆಗಿ" ಎಂದರು. ಆ ಮಬ್ಬು ಇಳಿಸಲು ಏನಾದರೂ ಉಂಟಾ?

ಸ್ಲೈಡುಭಟ್ಟ:
ಸುಡಾನ್ ಬ್ಲ್ಯಾಕ್ ಬಿ ಎಂಬ ಕಪ್ಪು ಬಣ್ಣ, 70% ಎಥನಾಲ್‌ನಲ್ಲಿ 0.1%, ಹತ್ತು ನಿಮಿಷ. ಲೆಕ್ಟಿನ್ ತೊಳೆದಾದ ಮೇಲೆ ಹಾಕಿ. ಆಮೇಲೆ ಬರೀ ಬಫರಿನಲ್ಲಿ ತೊಳೆಯಿರಿ, ಟ್ವೀನ್ (ಸೋಪಿನಂಥ ದ್ರವ) ಸೇರಿಸಬೇಡಿ, ಬಣ್ಣ ಕಿತ್ತುಬರುತ್ತದೆ. ಮೂರೂ ಸ್ಲೈಡಿಗೆ ಒಂದೇ ಎಕ್ಸ್‌ಪೋಶರ್ ಇಟ್ಟು ಫೋಟೋ ತೆಗೆಯಿರಿ, ಆಟೋದಲ್ಲಿ ಬಿಟ್ಟರೆ ಕ್ಯಾಮೆರಾವೇ ಕಂಟ್ರೋಲನ್ನು ಹಸಿರು ಮಾಡಿಕೊಡುತ್ತದೆ.