ಎಂಬೆಸಿ ಏನ್ ಮಾಡುತ್ತೆ, ಏನ್ ಮಾಡಕ್ಕಾಗಲ್ಲ: ಗ್ರೂಪಿನ ಪ್ರಶ್ನೋತ್ತರ

(ಉತ್ತರ ಕೊಡ್ತಿರೋರು ಗಲ್ಫ್‌ನಲ್ಲಿ ನಮ್ಮ ಎಂಬೆಸಿ ಕೌಂಟರಲ್ಲಿ ಕೆಲಸ ಮಾಡಿ ರಿಟೈರ್ ಆದೋರು, ಈಗ ಬೆಂಗಳೂರಲ್ಲೇ ಇದಾರೆ.)

ಪ್ರಶ್ನೆ, ರಾಜಾಜಿನಗರದಿಂದ: ಸರ್ ನಮಸ್ತೆ, ನಮ್ಮ ಭಾವ ಸೌದಿ ದಮ್ಮಾಮಲ್ಲಿ ಡ್ರೈವರ್, ಪಾಸ್‌ಪೋರ್ಟ್ ಮಾಲೀಕನ ಹತ್ರಾನೇ ಇದೆ, ಸಂಬಳಾನೂ ಸರಿಯಾಗ್ ಕೊಡ್ತಿಲ್ಲ, ಊರಿಗೆ ಹೋಗ್ತೀನಿ ಅಂದ್ರೆ ಬಿಡ್ತಿಲ್ಲ. ಎಂಬೆಸಿಯವ್ರು ಹೋಗಿ ಬಿಡಿಸ್ಕೊಂಡು ಬರಲ್ವಾ? ಅಕ್ಕ ಊಟಾನೇ ಬಿಟ್ಟಿದಾಳೆ.

ಉತ್ತರ: ನೋಡಪ್ಪಾ, ಹೋಗಿ ಬಾಗಿಲು ತಟ್ಟಿ ಕರ್ಕೊಂಡ್ ಬರೋ ಅಧಿಕಾರ ಎಂಬೆಸಿಗಿಲ್ಲ, ಅಲ್ಲಿ ಪೊಲೀಸು ಕೋರ್ಟು ಎಲ್ಲ ಅವರದ್ದೇ. ಹಾಗಂತ ಕೈ ಕಟ್ಕೊಂಡು ಕೂರೋದೂ ಇಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಆ ಪುಸ್ತಕ ಭಾರತ ಸರ್ಕಾರದ್ದು, ನಿಮ್ ಭಾವಂದೂ ಅಲ್ಲ ಕಫೀಲಂದೂ (ಅಂದ್ರೆ ಅವರನ್ನ ಕೆಲಸಕ್ಕಿಟ್ಕೊಂಡಿರೋ ಮಾಲೀಕ) ಅಲ್ಲ, ಸೌದಿ ನಿಯಮದಲ್ಲೂ ಅವನು ಇಟ್ಕೊಳ್ಳಂಗಿಲ್ಲ. ಅದನ್ನ ಹಿಡ್ಕೊಂಡು ಎಂಬೆಸಿಯವ್ರು ಫೋನ್ ಮಾಡ್ತಾರೆ, ಲೆಟರ್ ಬರೀತಾರೆ, ಸುಮಾರು ಜನ ಕಫೀಲ್‌ಗಳು ಆ ಒಂದು ಫೋನಿಗೇ ಮೆತ್ತಗಾಗ್ತಾರೆ. ಬಗ್ಗಲಿಲ್ಲ ಅಂದ್ರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಅಂತ ಕೊಡ್ತಾರೆ, ಅದು ಇಂಡಿಯಾಗೆ ವಾಪಸ್ ಬರೋಕೆ ಮಾತ್ರ ನಡೆಯೋ ಕಾಗದ. ಆದ್ರೆ ಅದು ಕೈಲಿದ್ರೂ ಸೌದಿಯವ್ರ ಫೈನಲ್ ಎಕ್ಸಿಟ್, ಅಂದ್ರೆ ದೇಶ ಬಿಟ್ಟು ಹೋಗೋಕೆ ಅನುಮತಿ, ಇಲ್ದೆ ವಿಮಾನ ಹತ್ಸಲ್ಲ, ಜನ ಸಿಕ್ಕಾಕ್ಕೊಳ್ಳೋದೇ ಇಲ್ಲಿ.

ಮುಖ್ಯವಾಗಿ ಭಾವಂಗೆ ಹೇಳಿ, ಸಿಟ್ಟಲ್ಲಿ ಕೆಲಸದ ಜಾಗ ಬಿಟ್ಟು ಹೋಗ್ಬಾರ್ದು ಅಂತ. ಹೋದ್ರೆ ಕಫೀಲ್ ಹುರೂಬ್ ಹಾಕ್ತಾನೆ, ಅಂದ್ರೆ ಕೆಲಸ ಬಿಟ್ಟು ಓಡೋದ ಅಂತ ಸರ್ಕಾರಕ್ಕೆ ರಿಪೋರ್ಟ್, ಅದನ್ನ ಅಳಿಸೋಕೆ ನಮ್ಮ ರಾಯಭಾರಿಗೂ ಆಗಲ್ಲ. ದಮ್ಮಾಮ್ ರಿಯಾದ್ ಎಂಬೆಸಿ ಕೆಳಗೆ ಬರುತ್ತೆ, ಜಿದ್ದಾ ಕಾನ್ಸುಲೇಟಿಗೆ ಅಲೀಬೇಡಿ. ಇಲ್ಲಿಂದ ನೀವೇ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಲ್ಲಿ ದೂರು ಹಾಕ್ಬಹುದು. ಟಿಕೆಟ್‌ಗೆ ಗತಿ ಇಲ್ದೇ ಇರೋರಿಗೆ, ವಕೀಲರ ಖರ್ಚಿಗೆ ಅಂತ 2009ರಿಂದ ಒಂದು ವೆಲ್ಫೇರ್ ಫಂಡೂ ಇದೆ, ಕೇಳ್ದೆ ಇದ್ರೆ ಯಾರೂ ಹೇಳಲ್ಲ ಅಷ್ಟೆ.

ಪ್ರಶ್ನೆ, ಜಯನಗರದಿಂದ: 2025 ಜನವರೀಲಿ ಬೆಂಗಳೂರಲ್ಲಿ ಅಮೆರಿಕ ಕಾನ್ಸುಲೇಟ್ ಉದ್ಘಾಟನೆ ಆಯ್ತು ಅಂತ ಸಿಹಿ ಹಂಚಿದ್ವಿ, ವೀಸಾಗೆ ನೋಡಿದ್ರೆ ಮತ್ತೆ ಚೆನ್ನೈ ಅಂದ್ರು, ಇದ್ಯಾವ ಸೀಮೆ ಕಾನ್ಸುಲೇಟು?

ಉತ್ತರ: ಹಹ. ಉದ್ಘಾಟನೆ ಹೊತ್ತಲ್ಲಿ ವೀಸಾ ಕೆಲಸ ಇರ್ಲಿಲ್ಲ ನಿಜ. ಕಾನ್ಸುಲೇಟ್ ಅಂದ್ರೆ ವೀಸಾ ಅಂಗಡಿ ಅಲ್ಲ ಸ್ವಾಮಿ, ವ್ಯಾಪಾರ, ಅವ್ರ ಪ್ರಜೆಗಳ ಯೋಗಕ್ಷೇಮ ಎಲ್ಲಾ ಸೇರುತ್ತೆ. ಎಂಬೆಸಿ ಇರೋದು ದೆಹಲೀಲಿ, ಇಲ್ಲಿರೋದು ಅದರ ಕೈಕೆಳಗಿನ ಕಚೇರಿ.

ಪ್ರಶ್ನೆ, ಜೆಪಿ ನಗರದಿಂದ: ಸರ್, ಜರ್ಮನ್ ಕಾನ್ಸುಲೇಟ್ ಕಾಂಪೌಂಡ್ ಹಾರಿದ್ರೆ ಜರ್ಮನಿಗೆ ಕಾಲಿಟ್ಟಂಗೆ ತಾನೆ 😄

ಉತ್ತರ: ಅದು ಸಿನಿಮಾದವ್ರ ಲೆಕ್ಕ, ನೆಲ ನಮ್ದೇ, ಹಾರಿದ್ರೆ ಇಲ್ಲಿನ ಕೇಸೇ. ಅವ್ರ ಒಪ್ಪಿಗೆ ಇಲ್ದೆ ನಮ್ಮ ಪೊಲೀಸ್ ಒಳಗೆ ಹೋಗಂಗಿಲ್ಲ ಅಷ್ಟೆ. ಅದ್ರಲ್ಲೂ ಒಂದು ಮಜಾ ಇದೆ. ಎಂಬೆಸಿಗಿರೋ 1961ರ ವಿಯೆನ್ನಾ ಒಪ್ಪಂದದಲ್ಲಿ ಬೆಂಕಿ ಬಿದ್ರೆ ಅಂತ ಯಾವ ವಿನಾಯ್ತಿನೂ ಬರ್ದಿಲ್ಲ, ರಾಯಭಾರ ಕಚೇರಿ ಮುಖ್ಯಸ್ಥ ಹೂಂ ಅನ್ಬೇಕು. ಕಾನ್ಸುಲೇಟಿಗಿರೋ 1963ರದ್ರಲ್ಲಿ ಬೆಂಕಿ ಬಿದ್ರೆ ಒಪ್ಪಿಗೆ ಸಿಕ್ತು ಅಂತಾನೇ ತಿಳ್ಕೊಂಡು ಒಳಗೆ ನುಗ್ಗಬಹುದು.

ಪ್ರಶ್ನೆ, ರಾಜಾಜಿನಗರದಿಂದ: ಸರ್ ಥ್ಯಾಂಕ್ಸ್, ಮದದ್‌ಗೆ ಏನೇನ್ ಬೇಕು? ಪಾಸ್‌ಪೋರ್ಟ್ ಅವ್ರ ಹತ್ರ ಇಲ್ವಲ್ಲ.

ಉತ್ತರ: ಮನೇಲಿ ಜೆರಾಕ್ಸ್ ಇದೆಯಾ ಹುಡುಕಿ. ಜನ ಫೋಟೋ ಇರೋ ಪೇಜ್ ಮಾತ್ರ ತರ್ತಾರೆ, ಕೊನೇ ಪೇಜೂ ಬೇಕು, ಫೈಲ್ ನಂಬರು ಅಪ್ಪ ಅಮ್ಮನ ಹೆಸರು ವಿಳಾಸ ಎಲ್ಲ ಅಲ್ಲೇ ಇರೋದು, ಇವನು ನಮ್ಮವನೇ ಅಂತ ಬೇಗ ಪತ್ತೆ ಹಚ್ಚೋಕೆ ಅದೇ ಆಧಾರ. ಜೊತೆಗೆ ಇಕಾಮಾ (ಸೌದೀಲಿ ಇರೋಕೆ ಕೊಡೋ ಪರ್ಮಿಟ್) ನಂಬರು, ಕಫೀಲ್ ಹೆಸರು ಫೋನು, ಸಂಬಳ ಯಾವ ತಿಂಗಳಿಂದ ನಿಂತಿದೆ ಅನ್ನೋದು. ಇಕಾಮಾ ಇನ್ನೂ ಚಾಲ್ತೀಲಿದೆಯಾ ಅಂತ ಇವತ್ತೇ ಸೌದಿ ಸರ್ಕಾರದ ಅಬ್ಶೆರ್ ಆ್ಯಪಲ್ಲಿ ನೋಡೋಕೆ ಹೇಳಿ, ಹುರೂಬ್ ಬಿದ್ದಿದ್ರೆ ನಂಗೆ ಮೆಸೇಜ್ ಹಾಕಿ, ದೂರಿನ ಒಕ್ಕಣೆ ಬೇರೆ ಥರ ಬರೀಬೇಕಾಗುತ್ತೆ.